ಗಾರ್ಮೆಂಟ್ಸ್ ಲೈನಿನಲ್ಲಿ ನಿಷ್ಠೆ ಯಾಕೆ ನಿಲ್ಲುವುದಿಲ್ಲ?

ಬೆಂಗಳೂರಿನ ರಫ್ತು ಗಾರ್ಮೆಂಟ್ಸ್‌ಗಳಲ್ಲಿ ಎಚ್‌ಆರ್ ಕೆಲಸ ಮಾಡುವ ನನಗೆ ಮೇಲಿನವರು ಪದೇ ಪದೇ ಹೇಳುವುದು ಒಂದೇ ಮಾತು: "ಈಗಿನ ಟೈಲರ್‌ಗಳಿಗೆ ಕಂಪನಿ ಮೇಲೆ ನಿಷ್ಠೆಯೇ ಇಲ್ಲ." ನಾನು ಮೊದಲು ಕಾಂಪ್ ಆಫ್ ರಿಜಿಸ್ಟರ್, ಅಂದರೆ ಒಂದು ದಿನದ ರಜೆಗೆ ಬದಲು ಇನ್ನೊಂದು ದಿನ ದುಡಿಸಿದ ಲೆಕ್ಕದ ಪುಸ್ತಕ, ತರಿಸಿ ನೋಡುತ್ತೇನೆ.

ಬಟ್ಟೆ ಬರುವುದು ತಡವಾಯಿತು ಅಂತಿಟ್ಟುಕೊಳ್ಳಿ. ಬುಧವಾರ ಲೈನಿಗೆ, ಅಂದರೆ ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಭಾಗ ಹೊಲಿಯುವ ತಂಡಕ್ಕೆ, ರಜೆ ಕೊಡುತ್ತಾರೆ. ಎರಡು ವಾರ ಕಳೆದು ಶಿಪ್‌ಮೆಂಟ್ ಹತ್ತಿರ ಬಂದಾಗ, ಆ ರಜೆಗೆ ಬದಲು ಭಾನುವಾರ ಬನ್ನಿ ಅನ್ನುತ್ತಾರೆ. ಓಟಿ ಇಲ್ಲ, ಡಬಲ್ ಸಂಬಳವೂ ಇಲ್ಲ. ಕಂಪನಿಗೆ ಒಂದು ದಿನಕ್ಕೆ ಇನ್ನೊಂದು ದಿನ, ಲೆಕ್ಕ ಚುಕ್ತಾ. ಆದರೆ ಬುಧವಾರ ಮಗು ಸ್ಕೂಲಲ್ಲಿತ್ತು. ಭಾನುವಾರ ಅದನ್ನು ಯಾರ ಹತ್ತಿರ ಬಿಟ್ಟು ಬರಬೇಕು? ಅದನ್ನೂ ಶನಿವಾರ ಸಂಜೆ ಹೇಳಿದರೆ? ಬಂದು ದುಡಿಯುತ್ತಾರೆ, ಸೋಮವಾರ ಗೈರಾಗುತ್ತಾರೆ. ಕಾಲರ್ ಕೂರಿಸುವ ಒಬ್ಬರು ಬರದಿದ್ದರೆ ಸಾಕು. ಆ ಮಷಿನ್ ಹಿಂದೆ ಬಂಡಲ್ ರಾಶಿ ಬೀಳುತ್ತದೆ, ಮುಂದೆ ಕಫ್ ಹಾಕುವವರು ಸುಮ್ನೆ ಕಾಯುತ್ತಾರೆ. ಇಡೀ ಲೈನಿನ ಟಾರ್ಗೆಟ್ ಹೋಗುತ್ತದೆ.

ವಾರದ ರಜೆ ಬದಲಿಸಲು 1948ರ ಕಾರ್ಖಾನೆ ಕಾಯ್ದೆಯಲ್ಲೇ ಅವಕಾಶವಿತ್ತು. ಆದರೆ ಹಿಂದಿನ ಅಥವಾ ಮುಂದಿನ 3 ದಿನದೊಳಗೆ ರಜೆ ಕೊಡಬೇಕಿತ್ತು, ಮೊದಲೇ ನೋಟಿಸ್ ಹಾಕಬೇಕಿತ್ತು. ಕಾಯ್ದೆ ಬರೆದವರಿಗೆ ದಣಿವು ಏನೆಂದು ಗೊತ್ತಿತ್ತು.

ರಫ್ತಿನಲ್ಲಿ ಸೀಸನ್ ಏರಿಳಿತ ಇದ್ದೇ ಇರುತ್ತದೆ. ಹೊಂದಿಕೊಳ್ಳಿ ಅಂತ ಕೇಳುವುದು ತಪ್ಪಲ್ಲ. ಏರಿಳಿತದ ಭಾರವನ್ನೆಲ್ಲ ಕೆಲಸಗಾರರ ತಲೆಗೇ ಕಟ್ಟಿ, ಮೇಲೆ ನಿಷ್ಠೆಯನ್ನೂ ಕೇಳುವುದು ಅನ್ಯಾಯ. 2016ರ ಏಪ್ರಿಲ್ ನೆನಪಿದೆ ಅಲ್ವಾ? ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಾಗ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಕೇಂದ್ರ ಆ ನಿಯಮ ವಾಪಸ್ ಪಡೆಯಿತು. ಮಕ್ಕಳ ಫೀಸು, ಮನೆಯ ಸಾಲ ಅಂತ ಬಂದಾಗ ಕೆಲಸ ಬಿಟ್ಟು ಪಿಎಫ್ ತೆಗೆಯುವುದೇ ಎಷ್ಟೋ ಜನರಿಗೆ ಉಳಿದ ದಾರಿ. ಅದನ್ನು ನಿಷ್ಠೆ ಇಲ್ಲ ಅಂತ ಓದಿದರೆ ನಾವು ಏನನ್ನೂ ಸರಿಪಡಿಸಲಾರೆವು.

ಅದೇ ವರ್ಷ ಗಾರ್ಮೆಂಟ್ಸ್‌ನಲ್ಲಿ ಫಿಕ್ಸೆಡ್ ಟರ್ಮ್ ನೇಮಕಕ್ಕೂ, ಅಂದರೆ ನಿಗದಿತ ಅವಧಿಗಷ್ಟೇ ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೂ, ಅವಕಾಶ ಬಂತು. ಅವಧಿ ಕಡಿಮೆ ಇರಬಹುದು, ಆದರೆ ಸಂಬಳ, ಕೆಲಸದ ಗಂಟೆ, ಭತ್ಯೆ ಕಾಯಂ ನೌಕರರಿಗಿಂತ ಕಡಿಮೆ ಇರುವಂತಿಲ್ಲ. ಇದನ್ನು ಮರೆತವರೇ ಜಾಸ್ತಿ.

ನಾನು ಮ್ಯಾನೇಜರ್‌ಗಳಿಗೆ ಹೇಳುವುದಿಷ್ಟು. ಬದಲಿ ಭಾನುವಾರ ಬೇಕಿದ್ದರೆ ಒಂದು ವಾರ ಮೊದಲೇ ಬೋರ್ಡಿಗೆ ಹಾಕಿ. ಅವತ್ತು ಮಕ್ಕಳನ್ನು ನೋಡಿಕೊಳ್ಳುವ ಕ್ರೆಷ್ ತೆರೆದಿಡಿ. ಕಾಲರ್, ಕಫ್‌ನಂಥ ಎರಡು ಮೂರು ಹೊಲಿಗೆ ಕೆಲಸ ಕಲಿತವರಿಗೆ ಗ್ರೇಡ್ ಏರಿಸಿ, ಯಾರಾದರೂ ಬರದಿದ್ದಾಗ ಲೈನ್ ನಿಲ್ಲದಂತೆ ನೋಡಿಕೊಳ್ಳುವವರು ಅವರೇ. ಬರಲಾಗದು ಅಂದವರ ಹೆಸರನ್ನು ಸೂಪರ್‌ವೈಸರ್ ಡೈರಿಯಲ್ಲಿ ಗುರುತು ಹಾಕಿಸಬೇಡಿ.