ಮಣಿಕಟ್ಟಿನೊಳಗಿನ ವಯಸ್ಸು

ಎಂಟು ವರ್ಷದ ಹುಡುಗನೊಬ್ಬನನ್ನು ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ ತನ್ನ ಅಕಾಡೆಮಿಯಿಂದ ಕೈಬಿಟ್ಟಿತು. ಮೈ ದುಂಡಗಿದೆ, ಓಟದಲ್ಲಿ ಚುರುಕು ಸಾಲದು ಎಂಬುದು ಕಾರಣ. ಅದೇ ಹ್ಯಾರಿ ಕೇನ್ ಮುಂದೆ ಆರ್ಸೆನಲ್‌ನ ಬದ್ಧ ಎದುರಾಳಿ ಟಾಟೆನ್‌ಹ್ಯಾಮ್ ಪರ 280 ಗೋಲು ಹೊಡೆದರು; 2023ರಲ್ಲಿ ಇಂಗ್ಲೆಂಡ್ ತಂಡದ ಸಾರ್ವಕಾಲಿಕ ಗೋಲು ದಾಖಲೆಯನ್ನೂ ಬರೆದರು. ಜೇಮಿ ವಾರ್ಡಿ ಕುಳ್ಳ ಎಂದು ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಅವರನ್ನು 16ನೇ ವಯಸ್ಸಿನಲ್ಲಿ ಹೊರಗೆ ಕಳಿಸಿತು. ಎತ್ತರ ಆಮೇಲೆ ಬಂತು. ಕಾರ್ಖಾನೆಯಲ್ಲಿ ದುಡಿಯುತ್ತ, ಊರಿನ ಸಣ್ಣ ಕ್ಲಬ್ಬಿಗೆ ವಾರಕ್ಕೆ 30 ಪೌಂಡಿಗೆ ಆಡುತ್ತಿದ್ದ ವಾರ್ಡಿ 2016ರಲ್ಲಿ ಲೆಸ್ಟರ್ ಸಿಟಿ ಜೊತೆ ಪ್ರೀಮಿಯರ್ ಲೀಗ್ ಗೆದ್ದರು. ಆಂಟೊನ್ ಗ್ರೀಜ್‌ಮನ್ ಅವರ ಕಥೆಯೂ ಇದೇ. ಫ್ರಾನ್ಸಿನ ಹಲವು ಕ್ಲಬ್ಬುಗಳು ಗಾತ್ರ ನೋಡಿ ಬೇಡವೆಂದ ಹುಡುಗನನ್ನು ಸ್ಪೇನಿನ ರಿಯಲ್ ಸೊಸಿಡಾಡ್ ಕರೆದೊಯ್ದಿತು. 2018ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಪರ ಅವರೂ ಗೋಲು ಹೊಡೆದರು.

ತಡರಾತ್ರಿಯವರೆಗೆ ಎದ್ದು ಪಂದ್ಯ ನೋಡುವ ಮೈಸೂರಿನ ಅಭಿಮಾನಿಗಳು ಇದನ್ನು ಹಣೆಬರಹ ಎನ್ನುತ್ತಾರೆ, ಇಲ್ಲವೇ ಆಯ್ಕೆದಾರರ ಕುರುಡುತನ ಎನ್ನುತ್ತಾರೆ. ನನಗೆ ಎರಡೂ ಉತ್ತರ ಸಾಲದು. ಕೇನ್ ಹುಟ್ಟಿದ್ದು ಜುಲೈ 28ರಂದು. ಇಂಗ್ಲೆಂಡಿನ ವಯೋವರ್ಗ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಹಾಗಾಗಿ ತನ್ನ ಗುಂಪಿನಲ್ಲಿ ಅವರು ಬಹುತೇಕ ಎಲ್ಲರಿಗಿಂತ ಕಿರಿಯ. ಎಂಟು ವರ್ಷದ ಮಗುವಿಗೆ ಹತ್ತು ಹನ್ನೊಂದು ತಿಂಗಳೆಂದರೆ ಬದುಕಿನ ಎಂಟನೇ ಒಂದು ಭಾಗಕ್ಕೆ ಹತ್ತಿರ.

ಗುಂಪಿನಲ್ಲಿ ಕೆಲವು ತಿಂಗಳು ಹಿರಿಯರಾದವರೇ ಹೆಚ್ಚಾಗಿ ಆಯ್ಕೆಯಾಗುವ ಈ ಪರಿಣಾಮವನ್ನು ಕ್ರೀಡೆಯಲ್ಲಿ ಮೊದಲು ಸ್ಪಷ್ಟವಾಗಿ ತೋರಿಸಿದ್ದು 1985ರಲ್ಲಿ, ಕೆನಡಾದ ಐಸ್ ಹಾಕಿ ಆಟಗಾರರ ಜನ್ಮತಿಂಗಳುಗಳ ಅಧ್ಯಯನ. ಆದರೆ ನನ್ನನ್ನು ಪೂರ್ತಿ ಒಪ್ಪಿಸಿದ್ದು ಬೆಲ್ಜಿಯಂ. ಅಲ್ಲಿ ಮೊದಲು ಆಗಸ್ಟ್ 1ರಿಂದ ವಯೋವರ್ಗ ಎಣಿಸುತ್ತಿದ್ದರು. ಯುವ ತಂಡಗಳಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರೇ ತುಂಬಿರುತ್ತಿದ್ದರು. 1997ರಲ್ಲಿ ಗಡಿ ಜನವರಿ 1ಕ್ಕೆ ಬದಲಾಯಿತು. ಒಂದೇ ವರ್ಷದಲ್ಲಿ 'ಪ್ರತಿಭೆ'ಯೂ ಜನವರಿ, ಫೆಬ್ರವರಿಗೆ ಸರಿದುಬಿಟ್ಟಿತು! ಮಕ್ಕಳು ಅವರೇ, ಮೈದಾನ ಅದೇ, ಬದಲಾದದ್ದು ಕಚೇರಿಯ ಕಾಗದದ ಮೇಲಿನ ಒಂದು ದಿನಾಂಕ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ವಯಸ್ಸನ್ನು ಲೆಕ್ಕ ಹಾಕುವುದು ಡಿಸೆಂಬರ್ 31ಕ್ಕೆ. ಡಿಸೆಂಬರ್‌ನಲ್ಲಿ ಹುಟ್ಟಿದ ಮಂಡ್ಯದ ಹುಡುಗನೂ ಕೇನ್ ನಿಂತಿದ್ದ ಜಾಗದಲ್ಲೇ ನಿಂತಿರುತ್ತಾನೆ.

ಜನವರಿಯಲ್ಲಿ ಹುಟ್ಟಿ, ತನ್ನ ಗುಂಪಿನಲ್ಲಿ ಅಷ್ಟೇನೂ ಕಿರಿಯರಲ್ಲದ ವಾರ್ಡಿ ಏಕೆ ಸೋತರು? ಇಲ್ಲಿ ದೇಹದೊಳಗಿನ ಇನ್ನೊಂದು ಗಡಿಯಾರ ಬರುತ್ತದೆ. ಹುಡುಗರ ಎತ್ತರ ಅತಿ ವೇಗವಾಗಿ ಏರುವುದು ಸರಾಸರಿ 14ರ ಆಸುಪಾಸಿನಲ್ಲಿ, ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್. ಕೆಲವರಿಗೆ ಇದು 12ಕ್ಕೇ ಬರುತ್ತದೆ, ಕೆಲವರಿಗೆ 16 ತುಂಬಿದರೂ ಮುಗಿದಿರುವುದಿಲ್ಲ. ಎಡಗೈ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಮುಂಗೈ ಮೂಳೆಯ ತುದಿಗೂ ಅದರ ಟೊಪ್ಪಿಗೆಯಂಥ ಭಾಗಕ್ಕೂ ನಡುವೆ ತೆಳುವಾದ ಕಪ್ಪು ಗೆರೆ. ಅದು ಇನ್ನೂ ಮೂಳೆಯಾಗದ ಮೃದ್ವಸ್ಥಿ. ಗೆರೆ ಅಗಲವಾಗಿದ್ದರೆ ಬೆಳವಣಿಗೆ ಬಾಕಿ ಇದೆ, ಮುಚ್ಚಿದ್ದರೆ ಮುಗಿದಿದೆ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆಗಳ ವಯಸ್ಸಿನಲ್ಲಿ ನಾಲ್ಕೈದು ವರ್ಷದ ಅಂತರ ಇರಬಹುದು. ಎತ್ತರ ಶೇ 10 ಹೆಚ್ಚಾದರೆ, ಮೈಕಟ್ಟು ಒಂದೇ ಆಗಿದ್ದಲ್ಲಿ, ತೂಕ ಸುಮಾರು ಶೇ 33 ಏರುತ್ತದೆ. ಹೆಗಲಿಗೆ ಹೆಗಲು ತಾಗಿದಾಗ ಯಾರು ಬೀಳುತ್ತಾರೆ ಎಂಬುದು ಅಲ್ಲಿಗೇ ತೀರ್ಮಾನವಾಯಿತು. ಬೇಗ ಬೆಳೆದವನೂ ತಡವಾಗಿ ಬೆಳೆದವನೂ ಕೊನೆಗೆ ತಲುಪುವ ಎತ್ತರದಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ನೂರನೇ ದಿನಕ್ಕೆ ತೆನೆ ಕಟ್ಟಲಿಲ್ಲವೆಂದು ದೀರ್ಘಾವಧಿ ಭತ್ತವನ್ನು ಕಿತ್ತುಹಾಕುವ ರೈತ ಮಂಡ್ಯ ಸೀಮೆಯಲ್ಲಿ ಸಿಗಲಾರ.

ಮಂಡ್ಯದ ಮೈದಾನವೊಂದರಲ್ಲಿ ನಡೆದ ಹದಿನಾಲ್ಕರ ಒಳಗಿನವರ ಆಯ್ಕೆಯನ್ನು ಬದಿಯಲ್ಲಿ ನಿಂತು ನೋಡಿದ್ದೇನೆ. ಮೀಸೆ ಚಿಗುರಿದ ಉದ್ದನೆಯ ಹುಡುಗನೊಬ್ಬ ಚೆಂಡನ್ನು ಮುಂದಕ್ಕೆ ತಳ್ಳಿ ಎಲ್ಲರನ್ನೂ ಹಿಂದಿಕ್ಕುತ್ತಿದ್ದ. ಇನ್ನೊಬ್ಬನ ಕಾಲಿಗೆ ಯಾರದೋ ದೊಡ್ಡ ಬೂಟು. ಚೆಂಡು ತನ್ನ ಬಳಿ ಬರುವ ಮೊದಲೇ ಅವನು ಎರಡು ಬಾರಿ ಹೆಗಲಾಚೆ ನೋಡಿದ, ಬಂದೊಡನೆ ಒಂದೇ ಸ್ಪರ್ಶದಲ್ಲಿ ಖಾಲಿ ಜಾಗಕ್ಕೆ ದಾಟಿಸಿದ. ಚೆಂಡು ಬರುವ ಮೊದಲು ಸುತ್ತ ಹೆಚ್ಚು ನೋಡುವ ಆಟಗಾರರ ಪಾಸುಗಳು ಹೆಚ್ಚು ಗುರಿ ಮುಟ್ಟುತ್ತವೆ ಎಂಬುದನ್ನು ನಾರ್ವೆಯ ಸಂಶೋಧಕ ಗೈರ್ ಯೂರ್ಡೆಟ್ ವರ್ಷಗಟ್ಟಲೆ ವಿಡಿಯೊ ನೋಡಿ ತೋರಿಸಿದ್ದಾರೆ. ಆಯ್ಕೆ ಪಟ್ಟಿಯಲ್ಲಿದ್ದದ್ದು ಓಟದ ಸಮಯ, ಜಿಗಿತದ ಉದ್ದ. ಹೆಗಲಾಚೆಯ ಆ ನೋಟಕ್ಕೆ ಅಂಕಣವೇ ಇರಲಿಲ್ಲ. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೇ. ಕೇನ್, ವಾರ್ಡಿ ಹೇಗೋ ಮರಳಿ ಬಂದವರು, ಆದ್ದರಿಂದಲೇ ಅವರ ಹೆಸರು ನಮಗೆ ಗೊತ್ತು. ಮರಳದವರ ಲೆಕ್ಕ ಯಾರ ಬಳಿಯೂ ಇಲ್ಲ.

ಪರಿಹಾರಗಳು ದುಬಾರಿಯಲ್ಲ. ನೆದರ್ಲೆಂಡ್ಸ್‌ನ ಒಂದು ಪ್ರಯೋಗದಲ್ಲಿ ಆಯ್ಕೆದಾರರಿಗೆ ಮಕ್ಕಳ ಜನ್ಮದಿನಾಂಕದ ಪಟ್ಟಿ ಕೊಟ್ಟರೂ ಹಿರಿಯರ ಕಡೆಗಿನ ಒಲವು ಹೋಗಲಿಲ್ಲ. ವಯಸ್ಸಿನ ಕ್ರಮದಲ್ಲೇ ಅಂಗಿಯ ಸಂಖ್ಯೆ ಕೊಟ್ಟು ಅದನ್ನು ತಿಳಿಸಿದಾಗ ಹೋಯಿತು. ಇಂಗ್ಲೆಂಡಿನ ಅಕಾಡೆಮಿಗಳು ವಯಸ್ಸನ್ನು ಬದಿಗಿಟ್ಟು, ಅಂತಿಮ ಎತ್ತರದ ಶೇಕಡಾ ಎಷ್ಟು ತಲುಪಿದ್ದಾರೆ ಎಂದು ಅಂದಾಜಿಸಿ ಮಕ್ಕಳನ್ನು ಗುಂಪು ಮಾಡಿ ಆಡಿಸಿವೆ. ಬೇಗ ಬೆಳೆದವರು ಅಲ್ಲಿ ಬಲ ಬಿಟ್ಟು ಕೌಶಲ ಹುಡುಕಬೇಕಾಯಿತು, ತಡವಾಗಿ ಬೆಳೆಯುವವರಿಗೆ ಮೊದಲ ಬಾರಿ ಆಟ ಕೈಗೆ ಸಿಕ್ಕಿತು.

ನಮ್ಮಲ್ಲಿ ಇದನ್ನು ಹಾಗೆಯೇ ತರಲಾಗದು. ಜೂನ್ 1ನ್ನೇ ಜನ್ಮದಿನವಾಗಿ ಬರೆಸಿಕೊಂಡ ಶಾಲಾ ದಾಖಲೆಗಳ ನಾಡು ನಮ್ಮದು. ಕಾಗದದ ವಯಸ್ಸನ್ನು ನಂಬಿ ಸಂಖ್ಯೆ ಹಂಚಿದರೆ ಪ್ರಯೋಜನವಿಲ್ಲ. ಅಂತಿಮ ಎತ್ತರ ಅಂದಾಜಿಸಲು ಹೆಚ್ಚು ಬಳಕೆಯಲ್ಲಿರುವ ಸೂತ್ರ ಹುಟ್ಟಿದ್ದು ಅಮೆರಿಕದ ಮಕ್ಕಳ ಅಳತೆಯಿಂದ, ನಮ್ಮ ಮಕ್ಕಳಿಗೆ ಅದನ್ನು ಹೊಂದಿಸಿಕೊಳ್ಳಬೇಕು. ಆದರೆ ಒಂದು ಅಳತೆ ಪಟ್ಟಿ, ಒಂದು ತಕ್ಕಡಿ, ಒಂದು ನೋಟ್‌ಬುಕ್ ಮೈಸೂರು, ಮಂಡ್ಯ, ಬೈಲುಕುಪ್ಪೆಯ ಯಾವ ತರಬೇತುದಾರನಿಗೂ ಎಟುಕುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಹುಡುಗನ, ಹುಡುಗಿಯ ಎತ್ತರ ಬರೆದಿಟ್ಟರೆ ಏರುವ ವೇಗ ಒಂದೆರಡು ವರ್ಷದಲ್ಲಿ ತಾನೇ ಕಾಣಿಸುತ್ತದೆ. ಆ ಏರಿಕೆ ಇನ್ನೂ ಶುರುವಾಗದ ಮಕ್ಕಳ ಹೆಸರನ್ನು 13ಕ್ಕೇ ಅಳಿಸದೆ, 16ಕ್ಕೆ ಇನ್ನೊಮ್ಮೆ ಮೈದಾನಕ್ಕೆ ಕರೆಯಲಿ.