ಪದ ಇಂಗ್ಲಿಷಿನದು, ವಾಕ್ಯ ಯಾರದು?

ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ಇಂಥ ಮಾತು ದಿನಾ ಕಿವಿಗೆ ಬೀಳುತ್ತದೆ: “ಲಾಟ್ ವಾಶಿಂಗಿಗೆ ಹೋಗೈತಿ. ಬಂದ ಕೂಡ್ಲೆ ಚೆಕ್ ಮಾಡಿ, ಪ್ಯಾಕ್ ಮಾಡಿ, ಟ್ರಾನ್ಸ್‌ಪೋರ್ಟಿಗೆ ಹಾಕಿಬಿಡು.” ಇಷ್ಟರಲ್ಲೇ ಐದು ಇಂಗ್ಲಿಷ್ ಪದ ಬಂದವು. ಕನ್ನಡ ಕೆಟ್ಟುಹೋಯಿತು ಅಂತ ಕೊರಗುವವರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಈಗ ಇನ್ನೊಂದು ವಾಕ್ಯ. ಯಾವುದೇ ಊರಿನ ಪ್ರವಾಸಿ ಕೈಪಿಡಿಯಲ್ಲಿ ಸಿಗುವಂಥದ್ದು: “ಈ ಕೋಟೆಯು ಎರಡು ಪ್ರವೇಶದ್ವಾರಗಳನ್ನು ಹೊಂದಿದೆ ಮತ್ತು ಇದು ಒಂದು ಪ್ರಮುಖ ಪ್ರವಾಸಿ ತಾಣವಾಗಿದೆ.” ಹುಡುಕಿದರೂ ಒಂದು ಇಂಗ್ಲಿಷ್ ಪದ ಸಿಗುವುದಿಲ್ಲ. ಆದರೆ ಇಂಗ್ಲಿಷ್ ಜಾಸ್ತಿ ಇರುವುದು ಯಾವುದರಲ್ಲಿ ಅಂತ ಕೇಳಿದರೆ ನಾನು ಕೋಟೆಯ ವಾಕ್ಯದ ಕಡೆಗೇ ಕೈ ತೋರಿಸುತ್ತೇನೆ.

ಜೀನ್ಸ್ ಯೂನಿಟ್ಟಿನ ಮಾತಿನಲ್ಲಿ ಇಂಗ್ಲಿಷ್ ಪದಗಳು ಬಂದು ಕೂತಿರುವ ಜಾಗ ನೋಡಿ. ‘ಲಾಟ್’ ಒಂದನ್ನು ಬಿಟ್ಟರೆ ಪ್ರತಿಯೊಂದಕ್ಕೂ ಕನ್ನಡದ ಪ್ರತ್ಯಯ ಅಂಟಿದೆ, ಇಲ್ಲವೇ ಪಕ್ಕದಲ್ಲಿ ‘ಮಾಡು’ ನಿಂತಿದೆ. ಕ್ರಿಯಾಪದ ಕೊನೆಗೇ ಬರುತ್ತದೆ. ‘ಚೆಕ್’ ಅನ್ನುವುದು ಕಾಲ, ವಚನ, ಪುರುಷ ಏನನ್ನೂ ಹೊರುವುದಿಲ್ಲ, ಆ ಭಾರವೆಲ್ಲ ‘ಮಾಡು’ವಿನ ತಲೆ ಮೇಲೆ. ‘ಸ್ನಾನ ಮಾಡು’ ಅಂತ ಸಂಸ್ಕೃತದ ಪದ ಬಂದದ್ದು, ‘ಮಾಫ್ ಮಾಡು’ ಅಂತ ಉರ್ದುವಿನದು ಬಂದದ್ದು ಇದೇ ಬಾಗಿಲಿನಿಂದ. ಜಪಾನಿಗಳೂ ಹೀಗೇ ಮಾಡುತ್ತಾರೆ. ಇಂಗ್ಲಿಷಿನ ‘ಕಾಪಿ’ಗೆ ತಮ್ಮ ‘ಸುರು’ (ಅಂದರೆ ‘ಮಾಡು’) ಸೇರಿಸಿ ‘ಕೊಪಿ ಸುರು’ ಅನ್ನುತ್ತಾರೆ. ಎರಡು ಭಾಷೆ ಬೆರೆತ ಮಾತಿನಲ್ಲೂ ಚೌಕಟ್ಟು ಸಾಮಾನ್ಯವಾಗಿ ಒಂದೇ ಭಾಷೆಯದ್ದಾಗಿರುತ್ತದೆ, ಇನ್ನೊಂದು ಬರೀ ಪದ ಒದಗಿಸುತ್ತದೆ ಅಂತ ಭಾಷಾವಿಜ್ಞಾನಿ ಕ್ಯಾರಲ್ ಮೈಯರ್ಸ್-ಸ್ಕಾಟನ್ 1993ರಲ್ಲಿ ವಾದಿಸಿದರು. ಆ ಲೆಕ್ಕದಲ್ಲಿ ಬಳ್ಳಾರಿಯ ಟೇಲರ್ ಆಡಿದ್ದು ಅಪ್ಪಟ ಕನ್ನಡ ವಾಕ್ಯ.

ಕೋಟೆಯ ವಾಕ್ಯಕ್ಕೆ ಬರೋಣ. ಅದನ್ನೇ ಬಾಯಿಮಾತಿನಲ್ಲಿ ಹೇಳಿ. “ಈ ಕೋಟೆಗೆ ಎರಡು ಬಾಗಿಲು.” ಮುಗಿಯಿತು. ಕನ್ನಡದಲ್ಲಿ ಕೋಟೆ ಏನನ್ನೂ ‘ಹೊಂದುವುದಿಲ್ಲ’. ನನಗೆ ಇಬ್ಬರು ಮಕ್ಕಳು, ಅವನಿಗೆ ಜ್ವರ, ಹೊಲಕ್ಕೆ ನೀರಿಲ್ಲ, ಹೀಗೆ ‘ಗೆ’ ಪ್ರತ್ಯಯ ಒಂದರಿಂದಲೇ ಎಲ್ಲ ನಡೆದುಹೋಗುತ್ತದೆ. ಎರಡು ಅಂದ ಮೇಲೆ ‘ಗಳು’ ಕೂಡ ಬೇಕಿಲ್ಲ. ಹತ್ತು ರೂಪಾಯಿ, ನಾಲ್ಕು ಚೀಲ, ಎರಡು ಬಾಗಿಲು. ಎಣಿಕೆ ಹೇಳಿದ ಮೇಲೂ ಬಹುವಚನ ಕೇಳುವುದು ಇಂಗ್ಲಿಷಿನ ಪದ್ಧತಿ. ಇನ್ನು ಆ ‘ಒಂದು ಪ್ರಮುಖ ತಾಣವಾಗಿದೆ’. “ಅವರು ಒಳ್ಳೆ ಡಾಕ್ಟರು” ಅಂದರೆ ಕನ್ನಡಕ್ಕೆ ಸಾಕು. “ಅವರು ಒಬ್ಬ ಒಳ್ಳೆಯ ಡಾಕ್ಟರ್ ಆಗಿದ್ದಾರೆ” ಅಂದಾಗ ಎರಡು ಅತಿಥಿಗಳು ಒಳಗೆ ಬಂದರು. ‘ಒಬ್ಬ’ ಬಂದದ್ದು ಇಂಗ್ಲಿಷ್ ನಾಮಪದದ ಮುಂದೆ ಕೂರುವ ‘ಎ’ಯ ಬದಲಿಗೆ. ‘ಆಗಿದ್ದಾರೆ’ ಬಂದದ್ದು ‘ಈಸ್’ನ ಬದಲಿಗೆ. ಯಂತ್ರಾನುವಾದದಲ್ಲಿ ಈ ‘ಆಗಿದೆ’ಯ ಕಾಟ ಎಷ್ಟಿದೆ ಅಂತ ಮೊಬೈಲ್ ಇಟ್ಟುಕೊಂಡವರಿಗೆಲ್ಲ ಗೊತ್ತು.

ನನಗೆ ಇವೆಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ನಡುವೆ ಕೂತ ಆ ‘ಮತ್ತು’. ಗಂಗಾವತಿ ಕಡೆಯ ಭತ್ತದ ರೈತರೊಬ್ಬರು ರಾತ್ರಿಯ ಕೆಲಸ ಹೇಳುವುದು ಹೀಗೆ: “ಗದ್ದಿಗಿ ಹೋಗಿ, ನೀರು ಕಟ್ಟಿ, ಬಂದು ಉಂಡು ಮಕ್ಕಂಡೆ.” ಕೆಲಸ ಐದು. ಕಾಲ ತೋರಿಸುವ ಕ್ರಿಯಾಪದ ಕೊನೆಯದೊಂದೇ. ‘ನಾನು’ ಅನ್ನುವುದು ಎಲ್ಲೂ ಇಲ್ಲ, ಕೊನೆಯ ಪ್ರತ್ಯಯವೇ ಅದನ್ನು ಹೇಳಿಬಿಡುತ್ತದೆ. ಇದೇ ಮಾತು ಇಂಗ್ಲಿಷ್ ಅಚ್ಚಿನಲ್ಲಿ ಬಂದರೆ “ನಾನು ಗದ್ದೆಗೆ ಹೋದೆ ಮತ್ತು ನೀರು ಕಟ್ಟಿದೆ ಮತ್ತು...” ಅಂತ ಹೆಜ್ಜೆಹೆಜ್ಜೆಗೂ ನಿಂತು ಹೊರಡಬೇಕು.

ಈ ‘ಹೋಗಿ, ಬಂದು’ಗಳನ್ನು ವ್ಯಾಕರಣ ಕೃದಂತ ಅವ್ಯಯ ಅನ್ನುತ್ತದೆ. ಹೆಸರು ಮರೆತರೂ ನಡೆಯುತ್ತದೆ, ಆದರೆ ಅವುಗಳ ಒಂದು ಚಮತ್ಕಾರ ಮರೆಯಬಾರದು. ಸಾಮಾನ್ಯವಾಗಿ ಸರಣಿಯ ಕೆಲಸಗಳನ್ನೆಲ್ಲ ಒಬ್ಬರೇ ಮಾಡಿರಬೇಕು. “ನಾನು ಹೋಗಿ ಅವನು ಉಂಡ” ಅಂತ ಯಾರೂ ಅನ್ನುವುದಿಲ್ಲ. ಆದರೆ “ಮಳಿ ಬಂದು ಬೆಳಿ ಹಾಳಾತು” ಅಂತ ಎಲ್ಲರೂ ಅನ್ನುತ್ತಾರೆ. ಬಂದದ್ದು ಮಳೆ, ಹಾಳಾದದ್ದು ಬೆಳೆ. ಕರ್ತೃ ಬೇರೆಯಾದರೂ ವಾಕ್ಯ ಕೂಡುತ್ತದೆ, ಯಾಕೆಂದರೆ ಮೊದಲನೆಯದು ಎರಡನೆಯದಕ್ಕೆ ಕಾರಣ. ಆ ಕಾರಣ ‘ಬಂದು’ವಿನೊಳಗೇ ಅಡಗಿದೆ. “ಮಳೆ ಬಂತು ಮತ್ತು ಬೆಳೆ ಹಾಳಾಯಿತು” ಅಂತ ಬರೆದು ನೋಡಿ. ಎರಡು ಸುದ್ದಿ ಅಕ್ಕಪಕ್ಕ ಕೂತವು, ನಂಟು ಸಡಿಲವಾಯಿತು. ‘ಹೊಂದಿದೆ’, ‘ಆಗಿದೆ’ಗಳನ್ನು ನಾನು ಸಹಿಸಿಕೊಳ್ಳಬಲ್ಲೆ. ‘ಮತ್ತು’ ಹೀಗೆ ವಾಕ್ಯ ವಾಕ್ಯಗಳ ನಡುವೆ ಬಂದು ಕೂತಾಗ ಮಾತ್ರ ನಿಜವಾಗಿ ನಷ್ಟ ಆಗುತ್ತದೆ.

ಎಲ್ಲಕ್ಕೂ ಇಂಗ್ಲಿಷನ್ನೇ ಬೈಯುವುದು ನ್ಯಾಯ ಅಲ್ಲ. “ಆರೋಪಿಯು ಪೊಲೀಸರಿಂದ ಬಂಧಿಸಲ್ಪಟ್ಟನು” ಅನ್ನುವ ಪತ್ರಿಕೆಯ ಕನ್ನಡ ಇದೆಯಲ್ಲ, ಅದರ ಹಿಂದೆ ಇಂಗ್ಲಿಷಿನ ಒತ್ತಡ ಇರುವುದು ನಿಜ. ಆದರೆ “ರಾಮನಿಂದ ರಾವಣನು ಕೊಲ್ಲಲ್ಪಟ್ಟನು” ಅಂತ ಶಾಲೆಯಲ್ಲಿ ಕರ್ಮಣಿ ಪ್ರಯೋಗ ಕಲಿಸುವುದು ಸಂಸ್ಕೃತ ವ್ಯಾಕರಣದ ಬಳುವಳಿ. ಬಾಯಿಮಾತು ಎರಡನ್ನೂ ಕ್ಯಾರೇ ಅನ್ನುವುದಿಲ್ಲ. ಯಾರು ಮಾಡಿದರು ಅನ್ನುವುದು ಮುಖ್ಯವಲ್ಲದಿದ್ದರೆ ‘ಬಿಲ್ ಪಾಸಾತು’ ಅನ್ನುತ್ತದೆ, ಇಲ್ಲವೇ ‘ರಸ್ತಾ ಅಗದಾರ’ ಅಂತ ಕರ್ತೃವನ್ನೇ ಬಿಟ್ಟುಬಿಡುತ್ತದೆ. ಸಂಸ್ಕೃತದ ಈ ನೆರಳು ಹಳೆಯದು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಅಂತ ಗುರುತಿಸಿದ ನಾಡಿನ ಗಡಿಯಲ್ಲಿ ಕೊಪ್ಪಳವೂ ಇದೆ. ಸಂಸ್ಕೃತ–ಕನ್ನಡ ಪದಗಳನ್ನು ಸಿಕ್ಕಾಪಟ್ಟೆ ಸಮಾಸ ಮಾಡಬೇಡಿ ಅಂತ ಬುದ್ಧಿ ಹೇಳುವ ಆ ಪುಸ್ತಕವೇ ದಂಡಿಯ ಸಂಸ್ಕೃತ ಗ್ರಂಥದ ಜಾಡು ಹಿಡಿದು ಹೊರಟದ್ದು!

ಪದ ಬಿಟ್ಟು ಬರೀ ವಾಕ್ಯದ ಅಚ್ಚು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ? ಮನಶ್ಶಾಸ್ತ್ರಜ್ಞೆ ಕ್ಯಾಥರಿನ್ ಬಾಕ್ 1986ರಲ್ಲಿ ಒಂದು ವಿಷಯ ತೋರಿಸಿದರು. ಒಂದು ಅಚ್ಚಿನ ವಾಕ್ಯ ಹೇಳಿದ ಮೇಲೆ, ವಿಷಯ ಪೂರ್ತಿ ಬೇರೆಯಾಗಿದ್ದರೂ, ಮುಂದಿನ ವಾಕ್ಯ ಅದೇ ಅಚ್ಚಿನಲ್ಲಿ ಬರುವ ಸಾಧ್ಯತೆ ಜಾಸ್ತಿ. ನಮಗೆ ಗೊತ್ತೇ ಆಗುವುದಿಲ್ಲ. 2004ರಲ್ಲಿ ರಾಬರ್ಟ್ ಹಾರ್ಟ್‌ಸೌಕರ್ ಮತ್ತು ಜೊತೆಗಾರರು ಇದನ್ನು ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ಪರೀಕ್ಷಿಸಿದರು. ಇಬ್ಬರು ಎದುರುಬದುರು ಕೂತು ಚಿತ್ರದ ಕಾರ್ಡುಗಳನ್ನು ವಿವರಿಸಬೇಕು, ಒಬ್ಬರು ಸ್ಪ್ಯಾನಿಷಿನಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ. ಸ್ಪ್ಯಾನಿಷಿನಲ್ಲಿ ಕರ್ಮಣಿ ವಾಕ್ಯ ಕೇಳಿದ ಮೇಲೆ ಇಂಗ್ಲಿಷಿನಲ್ಲೂ ಕರ್ಮಣಿ ವಾಕ್ಯ ಹೆಚ್ಚು ಬಂತು. ಅಂದರೆ ಎರಡು ಭಾಷೆ ಬಲ್ಲವರ ತಲೆಯಲ್ಲಿ ವಾಕ್ಯದ ಅಚ್ಚುಗಳಿಗೆ ಎರಡು ಬೇರೆ ಬೇರೆ ಗೂಡು ಇಲ್ಲ, ಕೆಲವನ್ನಾದರೂ ಎರಡೂ ಭಾಷೆ ಹಂಚಿಕೊಂಡಿರುತ್ತವೆ. ದಿನವಿಡೀ ಇಂಗ್ಲಿಷ್ ಸುದ್ದಿ ನೋಡಿ ಕನ್ನಡ ಬರೆಯುವ ಉಪಸಂಪಾದಕರು, ಇಂಗ್ಲಿಷ್ ಸುತ್ತೋಲೆ ಕನ್ನಡಕ್ಕೆ ಇಳಿಸುವ ಗುಮಾಸ್ತರು ಈ ಒತ್ತಡದ ನಡುವೆಯೇ ಕೆಲಸ ಮಾಡುತ್ತಾರೆ. ಜೀನ್ಸ್ ಯೂನಿಟ್ಟಿನ ಟೇಲರ್‌ಗೆ ಇಂಗ್ಲಿಷ್ ಪದ ಸಾಕು, ವಾಕ್ಯದ ಸಹವಾಸ ಇಲ್ಲ. ಹಾಗಾಗಿ ಅವರ ವಾಕ್ಯ ಸುರಕ್ಷಿತ.

ದೀರ್ಘಕಾಲ ಒಟ್ಟಿಗೆ ಬಾಳಿದರೆ ಏನಾಗುತ್ತದೆ ಅನ್ನುವುದಕ್ಕೆ ಹತ್ತಿರದ ಉದಾಹರಣೆ ಸಾಂಗ್ಲಿ ಜಿಲ್ಲೆಯ ಕುಪ್ವಾಡ. ಕನ್ನಡ, ಮರಾಠಿ, ಉರ್ದು ಮೂರೂ ಅಲ್ಲಿನ ಜನರ ನಡುವೆ ನೂರಾರು ವರ್ಷ ಓಡಾಡಿವೆ. ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಇಬ್ಬರೂ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಪದ ಪದಕ್ಕೂ ಬದಲಿ ಪದ ಇಟ್ಟರೆ ಒಂದು ಭಾಷೆಯ ವಾಕ್ಯ ಇನ್ನೊಂದರದಾಗುತ್ತದೆ. ಅಚ್ಚು ಒಂದೇ, ಪದ ಬೇರೆ. ಅಲ್ಲಿನ ಮರಾಠಿ ಕನ್ನಡದಂತೆ ಮನುಷ್ಯರಲ್ಲದ್ದಕ್ಕೆಲ್ಲ ನಪುಂಸಕಲಿಂಗ ಬಳಸತೊಡಗಿತು. ಅಲ್ಲಿನ ಕನ್ನಡ “ನಿಮ್ಮ ಮನಿ ಯಾವುದು?” ಅಂತ ನಿಲ್ಲಿಸದೆ ಮರಾಠಿಯಂತೆ ಕೊನೆಗೆ ‘ಐತಿ’ ಸೇರಿಸಿಕೊಂಡಿತು. ನಾವು ಇಂಗ್ಲಿಷಿನ ತಲೆಗೆ ಕಟ್ಟುತ್ತಿರುವ ‘ಆಗಿದೆ’ಯ ಅಣ್ಣ ಇವನು.

ರಾಯಚೂರಿನಲ್ಲಿ ಇದರ ತಿರುಗುಮುರುಗು ನೋಡಬಹುದು. 1948ರವರೆಗೆ ರಾಯಚೂರು, ಕೊಪ್ಪಳ ನಿಜಾಮರ ಸೀಮೆ, ಆಡಳಿತ ಉರ್ದುವಿನಲ್ಲಿ. ಆಳಿದ ಭಾಷೆಯಿಂದ ನಮಗೆ ಪದಗಳು ಬಂದವು. ಆದರೆ ಓಣಿಯಲ್ಲಿ ಆಡುವ ದಖನಿ ಉರ್ದುವಿಗೆ ವಾಕ್ಯದ ಅಚ್ಚು ಸಿಕ್ಕಿದ್ದು ಕನ್ನಡ, ತೆಲುಗಿನಿಂದ. “ಪಾನಿ ಆಯಾ ಬೋಲ್ಕೆ ನೈ ಆಯಾ” ಅನ್ನುತ್ತಾರೆ. ಇದು “ಮಳಿ ಬಂತಂತ ಬರಲಿಲ್ಲ” ಅನ್ನುವುದರ ಪಡಿಯಚ್ಚು. ‘ಅಂತ’ದ ಜಾಗದಲ್ಲಿ ‘ಬೋಲ್ಕೆ’ ಕೂತಿದೆ, ಕೆಲಸವೂ ಅದೇ. ಒಂದೂ ಕನ್ನಡ ಪದ ಇಲ್ಲದ ಕನ್ನಡ ವಾಕ್ಯ! ಅವರ ಭಾಷೆ ಇದರಿಂದ ಕೆಟ್ಟಿತು ಅಂತ ನನಗಂತೂ ಅನಿಸಿಲ್ಲ.

ಇವತ್ತಿನ ಕಾಲೇಜು ಹುಡುಗರ ಮಾತಿನಲ್ಲಿ ಇಂಗ್ಲಿಷ್ ಹೆಚ್ಚಾಗಿ ಅಂಟಿಕೊಳ್ಳುವುದು ವಾಕ್ಯದ ಅಂಚುಗಳಿಗೆ. ‘ಬಟ್’, ‘ಸೋ’, ‘ಆಕ್ಚುಲಿ’. ಭಾಷಾವಿಜ್ಞಾನಿ ಯಾರೋನ್ ಮಾತ್ರಾಸ್ ಹಲವು ಭಾಷೆಗಳನ್ನು ಹೋಲಿಸಿ ಹೇಳಿದ್ದು ಇಷ್ಟು: ಜೋಡಿಸುವ ಪದಗಳಲ್ಲಿ ಮೊದಲು ಎರವಲು ಬರುವುದು ‘ಆದರೆ’ಯಂಥದ್ದು, ಆಮೇಲೆ ‘ಅಥವಾ’, ಕೊನೆಗೆ ‘ಮತ್ತು’. ನಮ್ಮ ಸುತ್ತ ಕಿವಿಗೊಟ್ಟರೆ ಸಾಕು. ‘ಬಟ್’ ಅನ್ನದವರು ಅಪರೂಪ, ‘ಆ್ಯಂಡ್’ ಅಷ್ಟಾಗಿ ಕೇಳುವುದಿಲ್ಲ ಅಲ್ವಾ?

ಇನ್ನೂ ಮಜಾ ಅಂದರೆ ಎರಡು ಸಲ ಹೇಳುವುದು. “ಐ ಥಿಂಕ್ ಅವ ಬರಂಗಿಲ್ಲ ಅನಸ್ತದ.” ತನ್ನ ಅನಿಸಿಕೆಯನ್ನು ಇಂಗ್ಲಿಷ್ ಮುಂದೆ ಇಡುತ್ತದೆ, ಕನ್ನಡ ಹಿಂದೆ ಇಡುತ್ತದೆ. ಈ ಹುಡುಗ ಎರಡಕ್ಕೂ ಬೇಜಾರು ಮಾಡದೆ ಎರಡು ಕಡೆಯೂ ಇಟ್ಟ. ಜಪಾನಿ–ಇಂಗ್ಲಿಷ್ ಬೆರೆಸಿ ಮಾತಾಡುವವರಲ್ಲೂ ಇಂಥದ್ದು ದಾಖಲಾಗಿದೆ. ಒಂದೇ ವಾಕ್ಯದಲ್ಲಿ ಕ್ರಿಯಾಪದ ಒಮ್ಮೆ ಇಂಗ್ಲಿಷಿನ ಜಾಗದಲ್ಲಿ, ಮತ್ತೊಮ್ಮೆ ಜಪಾನಿಯ ಜಾಗದಲ್ಲಿ ಬರುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳ ಬಾಯಲ್ಲಿ “ಮಿಸ್ ಹೇಳಿದ್ರು ದಟ್ ನಾಳೆ ರಜೆ ಅಂತ” ಅನ್ನುವುದೂ ಇದೇ ಜಾತಿ. ‘ದಟ್’ ಕಿತ್ತು ಹಾಕಿದರೆ ಮಾತು ಆರಾಮಾಗಿ ನಿಲ್ಲುತ್ತದೆ. ‘ದಟ್’ ಇಟ್ಟು ‘ಅಂತ’ ಕಿತ್ತರೆ ಸದ್ಯಕ್ಕೆ ಆ ಮಕ್ಕಳಿಗೇ ಕಿವಿಗೆ ಸರಿ ಬರುವುದಿಲ್ಲ. ಹಾಗೆ ಕಿತ್ತದ್ದೂ ಸಹಜವಾಗಿ ಕೇಳಿಸತೊಡಗಿದರೆ, ಭಾಷಾವಿಜ್ಞಾನಿಗಳು ರೆಕಾರ್ಡರ್ ಹಿಡಿದು ಶಾಲೆಯ ಗೇಟಿನ ಹತ್ತಿರ ನಿಲ್ಲುವ ಕಾಲ ಬಂತು ಅನ್ನಬಹುದು.