ಒಂದು ಪ್ರೋಟಾನ್ ಬಡಿದ್ರೆ ಎಷ್ಟು ಪಯಾನ್? ಈ ಲೆಕ್ಕದ ಹಿಂದಿನ ಕಥೆ

ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅಂದ್ರೆ ನಮಗೆಲ್ಲ ನೆನಪಾಗುದು 1975ರ ಆರ್ಯಭಟ ಉಪಗ್ರಹ, ಆದ್ರೆ ಅವರು ರಿಸರ್ಚ್ ಶುರು ಮಾಡಿದ್ದು ಕಾಸ್ಮಿಕ್ ಕಿರಣಗಳ ಮೇಲೆ, ಅದನ್ನು ನಮ್ಮೂರಲ್ಲಿ ಯಾರೂ ಅಷ್ಟಾಗಿ ಹೇಳುದಿಲ್ಲ. ಈ ಕಿರಣ ಅಂದ್ರೆ ಹೆಚ್ಚಾಗಿ ಬಾಹ್ಯಾಕಾಶದಿಂದ ಬರುವ ಪ್ರೋಟಾನ್, ಅದು ಮೇಲಿನ ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ನ್ಯೂಕ್ಲಿಯಸ್ಸಿಗೆ ಬಡಿದಾಗ ಪಯಾನ್ ಅನ್ನುವ ಅಲ್ಪಾಯುಷಿ ಕಣ ಹುಟ್ತದೆ, ಚಾರ್ಜ್ ಇರುವ ಪಯಾನ್ ಸೆಕೆಂಡಿನ ನೂರು ಕೋಟಿಯಲ್ಲಿ 26 ಪಾಲಿನಷ್ಟೇ ಬದುಕಿ ಮ್ಯೂಆನ್ (ಎಲೆಕ್ಟ್ರಾನಿನ ತರದ್ದೇ, ಆದ್ರೆ ಭಾರದ ಕಣ) ಮತ್ತು ನ್ಯೂಟ್ರಿನೋ (ಯಾವುದಕ್ಕೂ ಸುಲಭದಲ್ಲಿ ತಾಗದೆ ತೂರಿ ಹೋಗುವ ಕಣ) ಆಗಿ ಒಡೀತದೆ. ಆ ನ್ಯೂಟ್ರಿನೋಗಳನ್ನು 1965ರಲ್ಲಿ ಹಿಡಿದ ಮೊದಲ ಜಾಗಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, ನೆಲದಿಂದ 2 ಕಿಲೋಮೀಟರಿಗೂ ಕೆಳಗೆ.

ಆದ್ರೆ ಒಂದು ಪೆಟ್ಟಿಗೆ ಎಷ್ಟು ಪಯಾನ್, ಯಾವ ಕೋನದಲ್ಲಿ, ಎಷ್ಟು ವೇಗದಲ್ಲಿ ಅಂತ ಕೇಳಿದ್ರೆ ಕೂತು ಲೆಕ್ಕ ಹಾಕಿ ಹೇಳ್ಲಿಕ್ಕೆ ಬರುದಿಲ್ಲ. ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಸ್ಟ್ರಾಂಗ್ ಫೋರ್ಸಿನ ಸಮೀಕರಣ ಇಲ್ಲಿ ಕೈಗೆ ಸಿಗುದಿಲ್ಲ, ಅಳತೆ ಮಾಡ್ಲೇಬೇಕು. ಹಳೆ ಅಳತೆಗಳು ಇದ್ದವು, ಆದ್ರೆ ಕೆಲವೇ ಕೋನ, ಕೆಲವೇ ಎನರ್ಜಿ. ಹಾಗಾಗಿ 1990ರ ದಶಕದಲ್ಲೂ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಷ್ಟು ಅನ್ನುವ ಲೆಕ್ಕದಲ್ಲಿ ನೂರಕ್ಕೆ 20ರಷ್ಟು ಹೆಚ್ಚುಕಮ್ಮಿ ಇರ್ತಿತ್ತು. 1998ರಲ್ಲಿ ನ್ಯೂಟ್ರಿನೋ ದಾರಿಯಲ್ಲಿ ಜಾತಿ ಬದಲಿಸ್ತದೆ ಅಂತ ತೋರಿಸಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಡಿಟೆಕ್ಟರ್ ಗೆದ್ದದ್ದು ಒಟ್ಟು ಸಂಖ್ಯೆ ನಂಬಿ ಅಲ್ಲ, ಮೇಲಿಂದ ಬರುವ ಮ್ಯೂಆನ್ ನ್ಯೂಟ್ರಿನೋಗೂ ಭೂಮಿ ತೂರಿ ಕೆಳಗಿಂದ ಬರುವುದಕ್ಕೂ ಹೋಲಿಸಿ, ಕೆಳಗಿಂದ ಬರುವುದು ಹತ್ತಿರ ಹತ್ತಿರ ಅರ್ಧ ಮಾತ್ರ ಇತ್ತು.

ಆಮೇಲೆ ಬಂದದ್ದು ಯುರೋಪಿನ ಕಣ ಭೌತಶಾಸ್ತ್ರದ ಲ್ಯಾಬ್ ಸರ್ನ್‌ನ ಹಾರ್ಪ್ ಪ್ರಯೋಗ, ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟದ ಭಾಗ. 2001 ಮತ್ತು 2002ರಲ್ಲಿ ಪ್ರೋಟಾನ್, ಪಯಾನ್ ಎರಡೂ ಕಿರಣಗಳನ್ನು ಸುಮಾರು 15 ಜಿಇವಿ (ಒಂದು ಜಿಇವಿ ಅಂದ್ರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್) ತನಕದ ಎನರ್ಜಿಯಲ್ಲಿ ಬೆರಿಲಿಯಮ್, ಕಾರ್ಬನ್, ಅಲ್ಯೂಮಿನಿಯಮ್, ತಾಮ್ರ, ತವರ, ಟ್ಯಾಂಟಲಮ್, ಸೀಸದ ತೆಳು ತುಂಡುಗಳಿಗೆ, ಅಂದ್ರೆ ಟಾರ್ಗೆಟ್ಟುಗಳಿಗೆ ಬಿಟ್ಟು, ಹೊರಗೆ ಬಂದದ್ದನ್ನೆಲ್ಲ ಒಂದೊಂದಾಗಿ ಗುರುತಿಸಿದ್ರು. ಪಯಾನ್ ಕಿರಣ ಯಾಕೆ ಬೇಕು ಅಂದ್ರೆ, ಗಾಳಿಯಲ್ಲಾಗ್ಲಿ ದಪ್ಪ ಟಾರ್ಗೆಟ್ಟಲ್ಲಾಗ್ಲಿ ಮೊದಲ ಪೆಟ್ಟಿಗೆ ಹುಟ್ಟಿದ ಪಯಾನ್ ಸುಮ್ಮನೆ ಹೋಗುದಿಲ್ಲ, ಮತ್ತೊಂದು ನ್ಯೂಕ್ಲಿಯಸ್ಸಿಗೆ ಬಡಿದು ಇನ್ನಷ್ಟು ಹುಟ್ಟಿಸ್ತದೆ, ಅದು ಗೊತ್ತಿಲ್ಲದಿದ್ರೆ ಲೆಕ್ಕ ಅರ್ಧಕ್ಕೇ ನಿಲ್ತದೆ. ಪ್ರೋಟಾನನ್ನು ಟಾರ್ಗೆಟ್ಟಿಗೆ ಬಡಿಸಿ ನ್ಯೂಟ್ರಿನೋ ಕಿರಣ ಮಾಡುವ ಪ್ರಯೋಗಗಳಿಗೂ ಇದೇ ಲೆಕ್ಕ ಬೇಕು. ಅಂತದ್ದೊಂದು ಜಪಾನಿನ ಕೆ2ಕೆ, ಅದರ ಟಾರ್ಗೆಟ್ ಅಲ್ಯೂಮಿನಿಯಮ್, ಹಾಗಾಗಿ ಅಲ್ಯೂಮಿನಿಯಮ್ಮಿಗೆ ಸರಿಯಾಗಿ 12.9 ಜಿಇವಿಯಲ್ಲೇ ಅಳೆದ್ರು, ಅಮೆರಿಕದ ಮಿನಿಬೂನ್‌ಗೆ ಬೆರಿಲಿಯಮ್, 8.9 ಜಿಇವಿ.

ಜಗಳವೂ ಆಯ್ತು. ಡಿಟೆಕ್ಟರಿನಲ್ಲಿ ಕಣಗಳು ಬಿಟ್ಟು ಹೋದ ಟ್ರ್ಯಾಕ್‌ಗಳನ್ನು ಹೇಗೆ ಸರಿಪಡಿಸುದು ಅಂತ ತಂಡವೇ ಇಬ್ಭಾಗ ಆಗಿ, ಒಂದೇ ಡೇಟಾದಿಂದ ಎರಡು ಗುಂಪು ಬೇರೆ ಬೇರೆ ರಿಸಲ್ಟ್ ಪಬ್ಲಿಷ್ ಮಾಡಿದವು. ನನ್ನ ಪ್ರಕಾರ ಇದನ್ನು ಮುಚ್ಚಿಡ್ಲಿಕ್ಕೆ ಎಂತದ್ದೂ ಇಲ್ಲ, ಇಷ್ಟು ಸೂಕ್ಷ್ಮ ಅಳತೆ ಎಷ್ಟು ಕಷ್ಟ ಅಂತ ಅದರಲ್ಲೇ ಗೊತ್ತಾಗ್ತದೆ.

ಮುಂದಿನ ಪ್ರಯೋಗ ಸರ್ನ್‌ನಲ್ಲೇ ಎನ್‌ಎ61. ಜಪಾನಿನ ಇನ್ನೊಂದು ನ್ಯೂಟ್ರಿನೋ ಪ್ರಯೋಗ ಟಿ2ಕೆಗೆ ಬೇಕು ಅಂತ 31 ಜಿಇವಿ ಪ್ರೋಟಾನನ್ನು ಮೊದಲು ತೆಳು ಕಾರ್ಬನಿಗೆ, ಆಮೇಲೆ ಅಲ್ಲಿಯದ್ದೇ ತರದ 90 ಸೆಂಟಿಮೀಟರ್ ಉದ್ದದ ಗ್ರಾಫೈಟ್ ಟಾರ್ಗೆಟ್ಟಿಗೆ ಬಿಟ್ಟು ನೋಡಿದ್ರು. ಅಂದಾಜು ಹೋಗಿ ಅಳತೆ ಬಂತು, ಟಿ2ಕೆಯ ನ್ಯೂಟ್ರಿನೋ ಎಷ್ಟು ಅನ್ನುವ ಲೆಕ್ಕದ ಅನುಮಾನ ನೂರಕ್ಕೆ 10ರಷ್ಟಕ್ಕೆ ಇಳೀತು, ಉದ್ದ ಟಾರ್ಗೆಟ್ಟಿನ ಡೇಟಾ ಸೇರಿದ ಮೇಲೆ 5ರ ಆಸುಪಾಸಿಗೆ.

ನಮ್ಮ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಅನ್ನುವ ಕಣಗಳ ವೇಗ ಹೆಚ್ಚಿಸುವ ಯಂತ್ರ ಉಂಟು, ಅದು 8 ಎಂಇವಿ (1000 ಎಂಇವಿ ಸೇರಿದ್ರೆ ಒಂದು ಜಿಇವಿ) ಎಲೆಕ್ಟ್ರಾನ್‌ನದ್ದು, ಹಾರ್ಪ್‌ನ ಕಿರಣ ಅದಕ್ಕಿಂತ ಸಾವಿರ ಪಟ್ಟಿನ ಲೆಕ್ಕದಲ್ಲಿ ಮೇಲೆ, ಹಾಗಾಗಿ ಇಲ್ಲಿ ಪಯಾನ್ ಹುಟ್ಟಿಸ್ಲಿಕ್ಕೆ ಆಗುದಿಲ್ಲ. ಆದ್ರೆ ಈ ಕೆಲಸ ಇನ್ನೂ ಮುಗಿದಿಲ್ಲ, ಅಮೆರಿಕದಲ್ಲಿ ಕಟ್ತಾ ಇರುವ ನ್ಯೂಟ್ರಿನೋ ಪ್ರಯೋಗ ಡ್ಯೂನ್‌ಗೆ ಬೇಕು ಅಂತ ಎನ್‌ಎ61 120 ಜಿಇವಿ ಪ್ರೋಟಾನ್, 60 ಜಿಇವಿ ಪಯಾನ್ ಕಿರಣಗಳನ್ನೂ ಅಳೆದಿದೆ. ಫಿಸಿಕ್ಸ್ ಓದುವ ಮಕ್ಕಳು ನ್ಯೂಟ್ರಿನೋ ಅಂತ ಖುಷಿಯಿಂದ ಹೋಗ್ತಾರಲ್ಲ, ಈ ಟಾರ್ಗೆಟ್ ಕಡೆಗೂ ಬನ್ನಿ, ಇಲ್ಲಿ ಜನ ಬೇಕು.